ನೆಲದ ಡೊಂಕು

ತಾಲ್ಲೂಕು ಪಟ್ಟಣವೊಂದರಲ್ಲಿ, ಬ್ಯಾಂಕಿನ ಹೊರಗೋಡೆಗೆ ಹೊಂದಿಕೊಂಡಿದ್ದ ಹಣದ ಯಂತ್ರದ ಮುಂದೆ, ತಿಂಗಳ ಮೊದಲ ವಾರದ ಒಂದು ಬೆಳಗ್ಗೆ ಏಳೆಂಟು ಮಂದಿ ಸಾಲಾಗಿ ನಿಂತಿದ್ದರು. ಸರದಿ ಬಂದಿದ್ದುದು ಎಪ್ಪತ್ತು ವರ್ಷ ದಾಟಿದ ಒಬ್ಬ ವೃದ್ಧೆಗೆ. ಆಕೆ ನಿರಕ್ಷರಿಯಲ್ಲ, ಕನ್ನಡವನ್ನು ನಿರಾಯಾಸವಾಗಿ ಓದಬಲ್ಲವಳು. ಮೊಮ್ಮಗನು ಹೇಳಿಕೊಟ್ಟಿದ್ದ ಕ್ರಮದಲ್ಲಿಯೇ ಕಾರ್ಡನ್ನು ಒಳಗಿಟ್ಟು, ಭಾಷೆಯನ್ನು ಆರಿಸಿ, ಗುಪ್ತಸಂಖ್ಯೆಯನ್ನೊತ್ತಿ, ಬೇಕಾದ ಮೊತ್ತವನ್ನು ಸೂಚಿಸಿದಳು. ಆಗ ಪರದೆಯ ಮೇಲೆ ಎರಡು ಮಾತುಗಳು ಮೂಡಿದುವು: ‘ಉಳಿತಾಯ’, ‘ಚಾಲ್ತಿ’. ಆಕೆ ಕ್ಷಣಕಾಲ ಯೋಚಿಸಿದಳು. ಪಿಂಚಣಿಯ ಹಣ ತಿಂಗಳು ತಿಂಗಳಿಗೂ ಬರುತ್ತಿತ್ತು, ತಿಂಗಳು ತಿಂಗಳಿಗೂ ಮುಗಿಯುತ್ತಿತ್ತು. ಉಳಿತಾಯವೆಂಬುದು ಆಕೆಯ ಹೆಸರಿನಲ್ಲಿ ಒಂದು ಕಾಸೂ ಇರಲಿಲ್ಲ. ಖಾತೆಯಾದರೋ ನಿಂತುಹೋಗಿರಲಿಲ್ಲ, ನಡೆಯುತ್ತಲೇ ಇದ್ದಿತು. ಆದುದರಿಂದ ‘ಚಾಲ್ತಿ’ ಎಂಬುದನ್ನೇ ಒತ್ತಿದಳು. ಯಂತ್ರವು ವಹಿವಾಟು ಸಾಧ್ಯವಿಲ್ಲವೆಂದು ತಿಳಿಸಿ ಕಾರ್ಡನ್ನು ಹಿಂದಕ್ಕೆ ನೀಡಿತು. ಕಾರಣವನ್ನು ಹೇಳಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಹಿಂದಿದ್ದ ತರುಣನೊಬ್ಬನು ಇಣಿಕಿ ನೋಡಿ, “ಉಳಿತಾಯ ಒತ್ತಬೇಕು ಅಜ್ಜಿ” ಎಂದನು. ಹಣ ಬಂದಿತು. “ನನಗೆ ಬುದ್ಧಿ ಸಾಲದಪ್ಪ, ನಿಮ್ಮನ್ನೆಲ್ಲ ಕಾಯಿಸಿಬಿಟ್ಟೆ” ಎಂದು ನಾಚಿಕೊಂಡು ಆಕೆ ಹೊರಟುಹೋದಳು. ಸಾಲು ಮುಂದಕ್ಕೆ ಸರಿಯಿತು. ತಪ್ಪು ಅಜ್ಜಿಯದೆಂದು ಎಲ್ಲರೂ ಭಾವಿಸಿದರು. ಅಜ್ಜಿಯೂ ಹಾಗೆಯೇ ಭಾವಿಸಿದಳು.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ಎಂಬ ಗಾದೆ ಕನ್ನಡದಲ್ಲಿ ಬಹಳ ಹಳೆಯದು. ತನ್ನ ಅಶಕ್ತಿಯನ್ನು ಪರರ ಮೇಲೆ ಹೊರಿಸುವವರನ್ನು ಕುರಿತು ಆ ಮಾತು ಹುಟ್ಟಿದುದು ನ್ಯಾಯವೇ ಸರಿ. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವುದೂ ಉಂಟಲ್ಲವೆ? ಕೊಡಲಿಯ ಕಾವು ಸಡಿಲವಾಗಿದ್ದರೆ ಕಟ್ಟಿಗೆ ಒಡೆಯುವವನು ತನ್ನ ತೋಳನ್ನು ಹಳಿದುಕೊಳ್ಳುವುದಿಲ್ಲ. ಕೊಡದ ಬಾಯಿ ಸೊಟ್ಟಗಿದ್ದರೆ ನೀರು ತರುವವಳು ಕುಂಬಾರನನ್ನು ಕೇಳದೆ ಬಿಡುವುದಿಲ್ಲ. ಗಣಕಯಂತ್ರದ ಪರದೆಯ ಮುಂದೆ ಮಾತ್ರ ಈ ನ್ಯಾಯ ತಲೆಕೆಳಗಾಗುವುದು. ಅಲ್ಲಿ ಎಡವಿದವರು, ವಿದ್ಯಾವಂತರೇ ಆಗಲಿ ಅವಿದ್ಯಾವಂತರೇ ಆಗಲಿ, ತಮ್ಮ ಬುದ್ಧಿಯನ್ನೇ ನಿಂದಿಸಿಕೊಳ್ಳುವರು. ಆದಕಾರಣ ನೆಲದ ಡೊಂಕನ್ನು ಅಳೆಯುವ ಒಂದು ಶಾಸ್ತ್ರವೇ ಬೇಕಾಯಿತು.

ಆ ಶಾಸ್ತ್ರದ ಬೀಜ ಬಿದ್ದುದು ಗಣಕಯಂತ್ರದ ಎದುರಿನಲ್ಲಲ್ಲ, ಯುದ್ಧವಿಮಾನದ ಒಳಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳ ಚಾಲಕರು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಒಂದು ವಿಚಿತ್ರವಾದ ಪ್ರಮಾದವನ್ನು ಮಾಡುತ್ತಿದ್ದರು. ರೆಕ್ಕೆಯ ಹಿಂಬದಿಯ ಮಡಚುಹಲಗೆಗಳನ್ನು ಮೇಲಕ್ಕೆತ್ತುವುದಕ್ಕೆ ಬದಲಾಗಿ ಚಕ್ರಗಳನ್ನೇ ಒಳಗೆ ಸೆಳೆದುಬಿಡುತ್ತಿದ್ದರು. ವಿಮಾನವು ಹೊಟ್ಟೆಯ ಮೇಲೆ ಕುಸಿಯುತ್ತಿದ್ದಿತು. ಇದಕ್ಕೆ ‘ಚಾಲಕನ ದೋಷ’ ಎಂದು ಹೆಸರಿಟ್ಟು ಕಡತವನ್ನು ಮುಚ್ಚುವುದು ವಾಡಿಕೆಯಾಗಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನು ಒಳಹೊಕ್ಕು ನೋಡಿದನು. ಚಕ್ರದ ಗುಂಡಿಯೂ ಮಡಚುಹಲಗೆಯ ಗುಂಡಿಯೂ ಅಕ್ಕಪಕ್ಕದಲ್ಲಿದ್ದು ಒಂದೇ ಆಕಾರದಲ್ಲಿದ್ದುವು. ಇವೆರಡರ ವ್ಯವಸ್ಥೆ ಬೇರೆಯಾಗಿದ್ದ ಸಿ-47 ವಿಮಾನದ ಚಾಲಕರಲ್ಲಿ ಈ ಪ್ರಮಾದವೇ ಕಾಣುತ್ತಿರಲಿಲ್ಲ. ಹೊಗೆಯಿದ್ದೆಡೆ ಬೆಂಕಿ, ಬೆಂಕಿಯಿಲ್ಲದೆಡೆ ಹೊಗೆಯಿಲ್ಲ ಎಂಬ ಅನ್ವಯ ವ್ಯತಿರೇಕಗಳೆರಡೂ ಇಲ್ಲಿ ಸಿದ್ಧವಾದುವು. ಪರಿಹಾರ ಬಲು ಸಣ್ಣದು: ಚಕ್ರದ ಹಿಡಿಗೆ ಒಂದು ಪುಟ್ಟ ರಬ್ಬರಿನ ಚಕ್ರವನ್ನೂ, ಮಡಚುಹಲಗೆಯ ಹಿಡಿಗೆ ಹಲಗೆಯಾಕಾರದ ಒಂದು ತುಣುಕನ್ನೂ ಸೇರಿಸಿದುದು. ಕಣ್ಣು ತಪ್ಪಿದರೂ ಬೆರಳು ತಪ್ಪುತ್ತಿರಲಿಲ್ಲ. 1947ರಲ್ಲಿ ಪಾಲ್ ಫಿಟ್ಸ್, ರಿಚರ್ಡ್ ಜೋನ್ಸ್ ಎಂಬಿಬ್ಬರು ಚಾಲಕರು ಹೇಳಿದ 460 ‘ದೋಷ’ಗಳ ವೃತ್ತಾಂತಗಳನ್ನು ವಿಂಗಡಿಸಿ ನೋಡಿದಾಗ, ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದು ಹಿಡಿಯನ್ನು ಇನ್ನೊಂದೆಂದು ಭ್ರಮಿಸಿದುದರಿಂದಲೇ ಆದುವೆಂದು ಕಂಡುಬಂದಿತು. ಹಗ್ಗವನ್ನು ಹಾವೆಂದು ಭ್ರಮಿಸಿದವನನ್ನು ಬೈಯುವುದಕ್ಕಿಂತ ಅಲ್ಲೊಂದು ದೀಪವಿಡುವುದು ಮೇಲು. ಈ ಶಾಸ್ತ್ರದ ಮೂಲತತ್ತ್ವ ಇಷ್ಟೇ.

ಗಣಕಗಳ ಯುಗ ಬಂದ ಮೇಲೆ ಇದೇ ವಿಚಾರವು ಸಾಫ್ಟ್‌ವೇರಿಗೂ ಅನ್ವಯಿಸಿತು. ಸಾಫ್ಟ್‌ವೇರ್ ತನ್ನ ಒಳಗಿನ ಲೆಕ್ಕಾಚಾರವನ್ನು ಮರೆಯಲ್ಲಿಟ್ಟು, ಅಕ್ಷರ, ಚಿತ್ರ, ಗುಂಡಿಗಳ ರೂಪದಲ್ಲಿ ಮನುಷ್ಯನಿಗೆ ಒಂದು ಮುಖವನ್ನು ತೋರಿಸುವುದು. ಇಂಟರ್‌ಫೇಸ್ ಎಂದು ಕರೆಯುವುದು ಈ ಮುಖವನ್ನೇ. ಇದು ಬಳಕೆಗೆ ಎಷ್ಟು ಯೋಗ್ಯವೆಂಬುದಕ್ಕೆ 1998ರಲ್ಲಿ ಅಂತರರಾಷ್ಟ್ರೀಯ ಮಾನಕಸಂಸ್ಥೆಯು ಐಎಸ್‌ಒ 9241-11 ಎಂಬ ಮಾನಕದಲ್ಲಿ ಒಂದು ಲಕ್ಷಣವನ್ನು ಹೇಳಿತು. 2018ರಲ್ಲಿ ಅದನ್ನು ಪರಿಷ್ಕರಿಸಿತು. ನಿರ್ದಿಷ್ಟರಾದ ಬಳಕೆದಾರರು, ನಿರ್ದಿಷ್ಟವಾದ ಪ್ರಯೋಜನವನ್ನು, ನಿರ್ದಿಷ್ಟವಾದ ಸನ್ನಿವೇಶದಲ್ಲಿ ಸಾಧಿಸುವಾಗ ದೊರೆಯುವ ಫಲಸಿದ್ಧಿ, ಪ್ರಯಾಸಲಾಘವ, ತೃಪ್ತಿ ಎಂಬ ಮೂರನ್ನೂ ನೋಡಬೇಕೆಂಬುದು ಅದರ ಸಾರ. ಪಾಠಶಾಲೆಯಲ್ಲಿ ಓದಿದವರಿಗೆ ಇದು ಅಪರಿಚಿತವಲ್ಲ. ಯಾವ ಶಾಸ್ತ್ರಗ್ರಂಥವೇ ಆಗಲಿ, ಇದಕ್ಕೆ ಅಧಿಕಾರಿ ಯಾರು, ಪ್ರಯೋಜನವೇನು ಎಂದು ಮೊದಲೇ ಹೇಳಿ ಮುಂದುವರಿಯತಕ್ಕದ್ದು. ಅಧಿಕಾರಿಯನ್ನು ಹೇಳದೆ ‘ಈ ಯಂತ್ರ ಸುಲಭವಾದುದು’ ಎಂದರೆ ಆ ಮಾತಿಗೆ ಅರ್ಥವಿಲ್ಲ. ಯಾರಿಗೆ ಸುಲಭ? ಅದನ್ನು ಮಾಡಿದವರಿಗೋ, ಸಾಲಿನಲ್ಲಿ ನಿಂತ ಅಜ್ಜಿಗೋ?

ಪರೀಕ್ಷಿಸುವ ಮಾರ್ಗಗಳು ಅನೇಕವಿದ್ದರೂ, ಅವುಗಳನ್ನು ಸಾಂಖ್ಯರ ಪ್ರಮಾಣಗಳಂತೆ ಆಪ್ತವಾಕ್ಯ, ಅನುಮಾನ, ಪ್ರತ್ಯಕ್ಷ ಎಂದು ಮೂರಾಗಿ ಅಡಕಮಾಡಿಕೊಳ್ಳಬಹುದು.

ಮೊದಲನೆಯದು ಬಲ್ಲವರ ಮಾತು. 1990ರಲ್ಲಿ ಡೆನ್ಮಾರ್ಕ್ ದೇಶದ ಯಾಕೋಬ್ ನೀಲ್ಸನ್, ರಾಲ್ಫ್ ಮೋಲಿಕ್ ಎಂಬವರು, ಅನುಭವಿಗಳಾದ ಕೆಲವರು ಕೆಲವು ಸೂತ್ರಗಳನ್ನು ಕೈಯಲ್ಲಿ ಹಿಡಿದು ಪರದೆಯನ್ನು ಪರಿಶೀಲಿಸುವ ಒಂದು ಕ್ರಮವನ್ನು ಪ್ರಕಟಿಸಿದರು. 1994ರಲ್ಲಿ ನೀಲ್ಸನ್ ಪರಿಷ್ಕರಿಸಿದ ಹತ್ತು ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ. ಒಳಗೆ ಏನು ನಡೆಯುತ್ತಿದೆಯೆಂಬುದು ಕಾಣುವಂತಿರಲಿ. ಬಳಸುವವರ ಭಾಷೆಯಲ್ಲಿ ಮಾತಿರಲಿ. ಇಟ್ಟ ಹೆಜ್ಜೆಯನ್ನು ಹಿಂದೆಗೆಯುವ ದಾರಿಯಿರಲಿ. ನೆನಪಿನಿಂದ ತೆಗೆಯುವುದಕ್ಕಿಂತ ಕಂಡು ಗುರುತಿಸುವುದಕ್ಕೆ ಅವಕಾಶವಿರಲಿ. ತಪ್ಪಾದಾಗ ಏನು ತಪ್ಪು, ಪರಿಹಾರವೇನು ಎಂಬುದನ್ನು ಸರಳವಾಗಿ ಹೇಳಲಿ: ಹೀಗಿವೆ ಆ ಸೂತ್ರಗಳು. ಅಜ್ಜಿಯ ಯಂತ್ರವು ಇವುಗಳಲ್ಲಿ ಎರಡನ್ನಾದರೂ ಮುರಿದಿತ್ತೆಂಬುದು ವಾಚಕರಿಗೆ ಸ್ಪಷ್ಟವಾಗಿಯೇ ಇದೆ. ಆದರೆ ಒಬ್ಬ ಪರೀಕ್ಷಕನ ಕಣ್ಣಿಗೆ ಬೀಳುವುದು ದೋಷಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂಬುದು ನೀಲ್ಸನ್ನರ ಅನುಭವ. ಆದಕಾರಣ ಮೂರರಿಂದ ಐದು ಮಂದಿ ಒಬ್ಬರನ್ನೊಬ್ಬರು ಕೇಳದೆ ಪ್ರತ್ಯೇಕವಾಗಿ ನೋಡಿ, ಆಮೇಲೆ ಪಟ್ಟಿಗಳನ್ನು ಕೂಡಿಸಬೇಕು. ಹಳೆಯ ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠವನ್ನು ನಿರ್ಣಯಿಸುವ ಸಂಪಾದಕರ ಕೆಲಸವೂ ಇಂಥದೇ.

ಬಲ್ಲವರ ಪರಿಶೀಲನೆಗೆ ಇನ್ನೊಂದು ಕ್ರಮವೂ ಉಂಟು. ಕ್ಲೇಟನ್ ಲೂಯಿಸ್, ಪೀಟರ್ ಪೋಲ್ಸನ್ ಮೊದಲಾದವರು 1990ರ ಸುಮಾರಿನಲ್ಲಿ ರೂಪಿಸಿದ ಈ ಕ್ರಮದಲ್ಲಿ ಪರೀಕ್ಷಕನು ಹೊಸಬನ ವೇಷವನ್ನು ತೊಟ್ಟು ಹೆಜ್ಜೆಹೆಜ್ಜೆಯಾಗಿ ನಡೆಯುವನು. ಪ್ರತಿಯೊಂದು ಹೆಜ್ಜೆಯಲ್ಲಿಯೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವನು. ಇಲ್ಲಿ ಮಾಡಬೇಕಾದುದು ಇದೇ ಎಂದು ಹೊಸಬನಿಗೆ ತೋರುವುದೆ? ಮಾಡುವ ಗುಂಡಿ ಆತನ ಕಣ್ಣಿಗೆ ಬೀಳುವುದೆ? ಆ ಗುಂಡಿಗೂ ತನ್ನ ಉದ್ದೇಶಕ್ಕೂ ಸಂಬಂಧವಿದೆಯೆಂದು ತಿಳಿಯುವುದೆ? ಒತ್ತಿದ ಮೇಲೆ ಕೆಲಸ ಮುಂದುವರಿಯಿತೆಂದು ಗೊತ್ತಾಗುವುದೆ? ಮೂರನೆಯ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡಿದ್ದರೆ ‘ಚಾಲ್ತಿ’ ಎಂಬ ಮಾತು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಬ್ಯಾಂಕಿನವರಿಗೆ ಅದು ವರ್ತಕರ ಖಾತೆಗೆ ಇಟ್ಟ ಹೆಸರು. ಮನೆಯವರಿಗೆ ಅದು ನಿಲ್ಲದೆ ನಡೆಯುತ್ತಿರುವುದು ಎಂಬ ದಿನಬಳಕೆಯ ಮಾತು. ಪಾರಿಭಾಷಿಕವಾದ ಅರ್ಥವನ್ನು ಬಲ್ಲವನು ಲೌಕಿಕವಾದ ಅರ್ಥವನ್ನು ಮರೆಯುವುದು ಪಂಡಿತರಿಗೆ ಸಹಜವಾದ ದೋಷ.

ಎರಡನೆಯ ಮಾರ್ಗ ಅನುಮಾನ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು 1980ರಲ್ಲಿ, ಒಬ್ಬ ನುರಿತ ಕೆಲಸಗಾರನಿಗೆ ಒಂದು ಕೆಲಸಕ್ಕೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ಯಂತ್ರ ಸಿದ್ಧವಾಗುವ ಮೊದಲೇ ಲೆಕ್ಕಹಾಕುವ ಕ್ರಮವನ್ನು ತೋರಿಸಿದರು. ಕೈಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದಕ್ಕೆ 0.4 ಸೆಕೆಂಡು, ಪರದೆಯ ಮೇಲೆ ಒಂದು ಸ್ಥಳವನ್ನು ಸೂಚಿಸುವುದಕ್ಕೆ 1.1 ಸೆಕೆಂಡು, ಮನಸ್ಸು ಸಿದ್ಧವಾಗುವುದಕ್ಕೆ 1.35 ಸೆಕೆಂಡು: ಹೀಗೆ ಬಿಡಿಬಿಡಿಯಾಗಿ ಅಳೆದು ಕೂಡಿಸುವುದು ಅದರ ರೀತಿ. ಈ ಅನುಮಾನದ ಶಕ್ತಿಗೆ ಒಂದು ನಿದರ್ಶನವುಂಟು. ಅಮೆರಿಕದ ನೈನೆಕ್ಸ್ ಎಂಬ ಟೆಲಿಫೋನ್ ಸಂಸ್ಥೆಯು ಕರೆ ಜೋಡಿಸುವ ನೌಕರರಿಗಾಗಿ ಹೊಸ ಯಂತ್ರಗಳನ್ನು ಕೊಳ್ಳಬೇಕೆಂದಿತ್ತು. ಕರೆಯೊಂದಕ್ಕೆ ಒಂದು ಸೆಕೆಂಡು ಉಳಿದರೂ ವರ್ಷಕ್ಕೆ 30 ಲಕ್ಷ ಡಾಲರ್ ಉಳಿಯುವಷ್ಟು ದೊಡ್ಡ ವ್ಯವಹಾರ ಅದು. ಹೊಸ ಯಂತ್ರವು ವೇಗವಾಗಿರುವುದೆಂದು ಎಲ್ಲರೂ ನಂಬಿದ್ದರು. ವೇಯ್ನ್ ಗ್ರೇ, ಬಾನಿ ಜಾನ್, ಮೈಕೇಲ್ ಆಟ್‌ವುಡ್ ಎಂಬವರು ಲೆಕ್ಕ ಮಾಡಿ, ಅದು ಹಳೆಯದಕ್ಕಿಂತ ನಿಧಾನವಾಗುವುದೆಂದು ಹೇಳಿದರು. ಬಳಿಕ ನಡೆದ ನಾಲ್ಕು ತಿಂಗಳ ಪ್ರಯೋಗದಲ್ಲಿ ಅದು ಹಾಗೆಯೇ ಆಯಿತು. ಹೊಸದು ನೂರಕ್ಕೆ ಸುಮಾರು 4 ಪಾಲು ನಿಧಾನವಾಗಿತ್ತು. ಹೊಸ ಯಂತ್ರವು ಉಳಿಸಿದ ಒತ್ತುಗಳು, ಗ್ರಾಹಕನು ಮಾತನಾಡುತ್ತಿದ್ದು ನೌಕರನು ಹೇಗೂ ಕಾಯಬೇಕಾಗಿದ್ದ ವೇಳೆಯವು. ಅದು ಸೇರಿಸಿದುದು ಕಾಯುವಿಕೆ ಇಲ್ಲದ ವೇಳೆಯದು. ಈ ವೃತ್ತಾಂತವು 1993ರಲ್ಲಿ ವಿವರವಾಗಿ ಪ್ರಕಟವಾಯಿತು. ಆದರೆ ಈ ಲೆಕ್ಕಕ್ಕೆ ಒಂದು ಮೇರೆಯಿದೆ. ಅದು ತಪ್ಪು ಮಾಡದ ನುರಿತವನನ್ನು ಕಲ್ಪಿಸಿಕೊಂಡು ಹೊರಡುವುದು. ಅಜ್ಜಿಯು ‘ಉಳಿತಾಯ’ವನ್ನು ಒತ್ತಲು ಎಷ್ಟು ಸೆಕೆಂಡು ಬೇಕೆಂದು ಅದು ಹೇಳಬಲ್ಲದು, ಆಕೆ ‘ಚಾಲ್ತಿ’ಯನ್ನು ಒತ್ತುವಳೆಂದು ಹೇಳಲಾರದು.

ಆದುದರಿಂದ ಪ್ರತ್ಯಕ್ಷವನ್ನೇ ಆಶ್ರಯಿಸಬೇಕು. ಈ ಮಾರ್ಗವು ಹೇಳಲು ಸರಳ, ನಡೆಸಲು ಕಠಿಣ. ಯಂತ್ರವನ್ನು ಬಳಸಬೇಕಾದವರನ್ನೇ ಕರೆತಂದು, ನಿಜವಾದ ಒಂದು ಕೆಲಸವನ್ನು ಕೊಟ್ಟು, ಮನಸ್ಸಿನಲ್ಲಿ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಿರೆಂದು ಕೇಳಿಕೊಂಡು, ಪಕ್ಕದಲ್ಲಿ ಕುಳಿತು ಬರೆದುಕೊಳ್ಳುವುದು. ಬಾಯಿಬಿಟ್ಟು ಯೋಚಿಸುವ ಈ ಕ್ರಮವನ್ನು ಗಣಕಗಳ ಪರೀಕ್ಷೆಗೆ ತಂದವರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಕ್ಲೇಟನ್ ಲೂಯಿಸ್ ಮುಖ್ಯರು. 1982ರಲ್ಲಿ ಅವರು ಅದನ್ನು ನಿರೂಪಿಸಿದರು. ಪರೀಕ್ಷೆಗೆ ಮೊದಲು ಬಂದವರಿಗೆ ಒಂದು ಮಾತನ್ನು ತಪ್ಪದೆ ಹೇಳತಕ್ಕದ್ದು: ಇಲ್ಲಿ ಪರೀಕ್ಷೆಗೆ ನಿಂತಿರುವುದು ಯಂತ್ರ, ನೀವಲ್ಲ. ಆಮೇಲೆ ಪರೀಕ್ಷಕನು ಸುಮ್ಮನಿರಬೇಕು. ಎದುರಿಗಿದ್ದವರು ತಡವರಿಸಿದಾಗ ಬೆರಳು ತೋರಿಸಬಾರದು, ಕೆಮ್ಮಬಾರದು, ಹುಬ್ಬನ್ನೂ ಎತ್ತಬಾರದು. ಹುಡುಗರು ತೊದಲಿದೊಡನೆಯೇ ಮುಂದಿನ ಪದವನ್ನು ಎತ್ತಿಕೊಟ್ಟು ಅಭ್ಯಾಸವಾದ ಉಪಾಧ್ಯಾಯವರ್ಗದವರಿಗೆ ಇದರಷ್ಟು ಕಷ್ಟವಾದ ವ್ರತ ಇನ್ನೊಂದಿರಲಾರದು. ಸಾಲಿನಲ್ಲಿದ್ದ ತರುಣನು ಉಪಕಾರವನ್ನೇ ಮಾಡಿದನು, ನಿಜ. ಆದರೆ ಅವನ ಉಪಕಾರದಿಂದ ಒಂದು ಹಣದ ನೋಟು ಹೊರಬಂದಿತೇ ಹೊರತು ಒಂದು ಸತ್ಯ ಹೊರಬರಲಿಲ್ಲ. ‘ಉಳಿತಾಯವೆಲ್ಲಿಂದ ಬರಬೇಕು, ನನ್ನದು ನಡೆಯುತ್ತಿರುವ ಖಾತೆ’ ಎಂದು ಆಕೆ ಒಂದು ಸಲ ಗಟ್ಟಿಯಾಗಿ ಅಂದಿದ್ದರೆ, ಅದನ್ನೊಬ್ಬರು ಬರೆದುಕೊಂಡಿದ್ದರೆ, ಸಾಕಾಗಿತ್ತು.

ಎಷ್ಟು ಮಂದಿಯನ್ನು ಹೀಗೆ ನೋಡಬೇಕು? ಸ್ಥಾಲೀಪುಲಾಕನ್ಯಾಯವು ಪಾಠಶಾಲೆಯ ಚಿಕ್ಕ ಮಕ್ಕಳಿಗೂ ಗೊತ್ತು: ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಒಂದಗುಳನ್ನು ಹಿಸುಕಿ ನೋಡಿದರೆ ಸಾಕು. ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಮಾಡಿದ ಗಣಿತವೂ ಇದಕ್ಕೆ ಸಮೀಪವಾದುದೇ. ಒಬ್ಬನನ್ನು ನೋಡಿದರೆ ಸರಾಸರಿಯಲ್ಲಿ ನೂರಕ್ಕೆ 31 ದೋಷಗಳು ಕಾಣುವುವು. ಐವರನ್ನು ನೋಡಿದರೆ ಸುಮಾರು 85. ಆಮೇಲಿನವರು ಕಂಡುದನ್ನೇ ಹೆಚ್ಚಾಗಿ ತೋರಿಸುವರು. ಅಲ್ಪವ್ಯಯದ ಈ ಮಾತು ಬಹಳ ಪ್ರಿಯವಾಯಿತು. 2003ರಲ್ಲಿ ಲಾರಾ ಫಾಕ್ನರ್ ಎಂಬ ವಿದುಷಿಯು 60 ಮಂದಿಯ ಪರೀಕ್ಷೆಯನ್ನು ಮಾಡಿ, ಅವರಿಂದ ಐದೈದು ಮಂದಿಯನ್ನು ನಾನಾ ವಿಧವಾಗಿ ಆರಿಸಿ ನೋಡಿದಾಗ, ಸರಾಸರಿಯೇನೋ 85ರ ಸುಮಾರಿಗೇ ಬಂದಿತು. ಆದರೆ ಕೆಲವು ಐವರ ಗುಂಪುಗಳು ಕೇವಲ 55ನ್ನಷ್ಟೇ ಕಂಡಿದ್ದುವು. ನ್ಯಾಯದಲ್ಲಿ ತಪ್ಪಿಲ್ಲ, ಅದು ನಿಲ್ಲುವುದಕ್ಕೆ ಒಂದು ನಿಯಮವಿದೆ. ಪಾತ್ರೆಯ ಅಕ್ಕಿಯೆಲ್ಲ ಒಂದೇ ಜಾತಿಯದಾಗಿರಬೇಕು, ಬೆಂಕಿ ಸಮನಾಗಿ ತಗುಲಿರಬೇಕು. ನಡುವಿನ ಅಗುಳನ್ನು ಹಿಸುಕಿ ನೋಡಿ, ಅಂಚಿನಲ್ಲಿದ್ದುದೂ ಬೆಂದಿದೆಯೆಂದು ಬಡಿಸಿದರೆ ಉಣ್ಣುವವರ ಹಲ್ಲಿಗೆ ಸತ್ಯ ತಿಳಿಯುವುದು. ನಗರದಲ್ಲಿ ಓದಿದ ಐವರು ತರುಣರನ್ನು ಕರೆದು ನೋಡಿದರೆ ಪರೀಕ್ಷೆ ನಡೆದಂತೆಯೇ ಆಯಿತು. ಅಜ್ಜಿಯಾದರೋ ಪಾತ್ರೆಯ ಅಂಚಿನಲ್ಲಿಯೇ ಉಳಿದಳು.

ಕಣ್ಣಿಂದ ನೋಡುವ ಬದಲು ಬಾಯಿಂದ ಕೇಳಿದರಾಗದೆ ಎಂದು ಕೆಲವರು ಅನ್ನಬಹುದು. ಅದಕ್ಕೂ ಒಂದು ಉಪಕರಣವುಂಟು. ಇಂಗ್ಲೆಂಡಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ಜಾನ್ ಬ್ರೂಕ್ 1986ರಲ್ಲಿ ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಒಂದು ವಾಕ್ಯ ಹೊಗಳಿಕೆಯದು, ಮುಂದಿನದು ತೆಗಳಿಕೆಯದು. ಹೀಗೆ ಸರದಿಯಾಗಿ ಬರುವುವು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಸಮ್ಮತಿಯನ್ನು ಸೂಚಿಸಿದರೆ, ಕೊನೆಗೆ ನೂರರೊಳಗೆ ಒಂದು ಅಂಕ ದೊರೆಯುವುದು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಅಂಕ 68ರ ಆಸುಪಾಸಿನಲ್ಲಿದೆ. ಎರಡು ಯಂತ್ರಗಳನ್ನು ಹೋಲಿಸುವುದಕ್ಕೆ ಇದು ಬಹಳ ಉಪಯುಕ್ತ. ಆದರೆ ನಾಲಗೆಯ ಮೇಲೆ ದಾಕ್ಷಿಣ್ಯವು ಕುಳಿತಿರುವಾಗ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಇದನ್ನು ಅಳೆದವರು ಬೆಂಗಳೂರಿನಲ್ಲಿಯೇ ಅಳೆದರು. 2012ರಲ್ಲಿ ನಿಕೋಲಾ ಡೆಲ್ ಮತ್ತು ಆಕೆಯ ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ನಡೆದ 450 ಸಂದರ್ಶನಗಳ ಫಲಿತಾಂಶವಿದೆ. ಒಂದೇ ತೆರನಾದ ಎರಡು ವಸ್ತುಗಳನ್ನು ತೋರಿಸಿದಾಗಲೂ, ‘ಇದು ಕೇಳುತ್ತಿರುವವರೇ ಮಾಡಿದ್ದು’ ಎಂದು ನಂಬಿದ ಜನರು ಅದನ್ನೇ ಮೆಚ್ಚುವ ಸಂಭವ ಸುಮಾರು ಎರಡೂವರೆಯಷ್ಟು ಹೆಚ್ಚಾಗಿದ್ದಿತು. ಕೇಳುವವರು ವಿದೇಶದವರಾಗಿ ನಡುವೆ ದುಭಾಷಿಯಿದ್ದಾಗ ಅದು ಐದರಷ್ಟಾಯಿತು. ಮನೆಗೆ ಬಂದವರ ಎದುರಿಗೆ ಅವರು ತಂದ ಸಿಹಿಯನ್ನು ಸಪ್ಪೆಯೆನ್ನದಿರುವುದು ಒಳ್ಳೆಯ ನಡತೆ; ಆದರೆ ಅದು ಪ್ರಮಾಣವಲ್ಲ. ಅಜ್ಜಿಯನ್ನು ಕೇಳಿದ್ದರೂ, ‘ಯಂತ್ರ ಚೆನ್ನಾಗಿದೆಯಪ್ಪ, ನನಗೇ ತಿಳಿಯದು’ ಎಂದೇ ಹೇಳುತ್ತಿದ್ದಳು.

ಅಂಚಿನ ಅಗುಳನ್ನು ಹುಡುಕಿಕೊಂಡು ಹೋದವರೂ ಇದ್ದಾರೆಂಬುದು ಸಂತೋಷದ ಸಂಗತಿ. ಅದೇ ಬೆಂಗಳೂರಿನಲ್ಲಿ ಇಂದ್ರಾಣಿ ಮೇಧಿ, ಅಮನ್ ಸಾಗರ್, ಕೆಂಟಾರೊ ತೊಯಾಮ ಎಂಬವರು ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನಾಲಯದ ಪರವಾಗಿ ಬಡವರ ಬಡಾವಣೆಗಳಿಗೆ ಹೋಗಿ, ಮನೆಗೆಲಸ ಮಾಡಿ ಜೀವಿಸುವ ಹೆಂಗಸರೊಡನೆ ಕುಳಿತು, ಅಕ್ಷರವೇ ಬೇಡದ ಒಂದು ಪರದೆಯನ್ನು ರೂಪಿಸಿದರು. 2006ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಎಲ್ಲಿ ಯಾವ ಕೆಲಸ ಖಾಲಿಯಿದೆ, ಸಂಬಳವೆಷ್ಟು ಎಂಬುದನ್ನು ಚಿತ್ರಗಳೂ ಧ್ವನಿಯೂ ತಿಳಿಸುತ್ತಿದ್ದುವು. ಚಿತ್ರವನ್ನು ಬರೆಯುವುದು, ಆ ಹೆಂಗಸರಿಗೆ ತೋರಿಸುವುದು, ಅವರು ಬೇರೆ ಅರ್ಥ ಮಾಡಿಕೊಂಡರೆ ಚಿತ್ರವನ್ನು ತಿದ್ದುವುದು: ಹೀಗೆ ಕೆಲಸ ಸಾಗಿತು. ತಿದ್ದಿದುದು ಚಿತ್ರವನ್ನು, ಹೆಂಗಸರನ್ನಲ್ಲ. ಅಕ್ಷರದ ತೊಡಕು ನೀಗಿದರೂ, ಇದರಿಂದ ತಮಗೇನಾಗುವುದು, ಒಳಗಿನ ಸುದ್ದಿ ಎಲ್ಲಿಂದ ಬರುವುದು ಎಂಬುದು ತಿಳಿಯದ ಹೊಸಬರಿಗೆ ಹಿಂಜರಿಕೆ ಉಳಿದೇ ಇರುವುದೆಂಬುದನ್ನು ಕಂಡು, ಆ ಸಂಗತಿಯನ್ನು ಕಥೆಯಾಗಿ ಅಭಿನಯಿಸಿದ ಕಿರುಚಿತ್ರವೊಂದನ್ನು ಮೊದಲು ತೋರಿಸುವ ಕ್ರಮವನ್ನೂ ಮೇಧಿಯವರು ಮುಂದೆ ಪರೀಕ್ಷಿಸಿದರು. ಮೇಜಿನ ಮುಂದೆ ಕುಳಿತು ಇದನ್ನು ಯಾವ ಪಂಡಿತನೂ ಊಹಿಸಲಾರನು.

ಇಷ್ಟೆಲ್ಲ ಶಾಸ್ತ್ರವು ಕೊನೆಗೆ ಬೇಡುವುದು ದೊಡ್ಡ ಸಂಗತಿಯನ್ನೇನೂ ಅಲ್ಲ. ತಾಲ್ಲೂಕಿನ ಐದಾರು ಮಂದಿ ಪಿಂಚಣಿದಾರರನ್ನು ಒಂದು ಬೆಳಗ್ಗೆ ಕೂರಿಸಿಕೊಂಡು ಸುಮ್ಮನೆ ನೋಡಿದ್ದರೆ ‘ಚಾಲ್ತಿ’ಯ ಡೊಂಕು ಕಾಣುತ್ತಿತ್ತು. ಆ ಮಾತನ್ನು ಬದಲಾಯಿಸಿ, ಬದಲಾಯಿಸಿದ ಮಾತನ್ನೂ ನಂಬದೆ ಇನ್ನೊಮ್ಮೆ ಅವರೆದುರಿಗಿಟ್ಟು ನೋಡಬಹುದಾಗಿತ್ತು. ಕಾರ್ಡಿಗೆ ಸೇರಿದ ಖಾತೆ ಒಂದೇ ಆಗಿರುವಲ್ಲಿ, ಅದು ಯಾವುದೆಂದು ಬ್ಯಾಂಕಿಗೆ ಮೊದಲೇ ತಿಳಿದಿರುವಾಗ, ಆ ಪ್ರಶ್ನೆಯೇ ಏತಕ್ಕೆ ಎಂಬ ಸಂದೇಹವೂ ಯಾರಿಗಾದರೂ ಹುಟ್ಟುತ್ತಿತ್ತು.

ಮುಂದಿನ ತಿಂಗಳು ಆ ವೃದ್ಧೆ ಸಾಲಿನಲ್ಲಿ ಕಾಣಲಿಲ್ಲ. ಕಾರ್ಡನ್ನೂ, ಗುಪ್ತಸಂಖ್ಯೆಯನ್ನು ಬರೆದ ಚೀಟಿಯನ್ನೂ ನೆರೆಮನೆಯ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸುವುದನ್ನು ರೂಢಿಮಾಡಿಕೊಂಡಿದ್ದಳು. ಹುಡುಗನು ಸಜ್ಜನನಾಗಿದ್ದುದು ಆಕೆಯ ಪುಣ್ಯ. ಅವನು ಒಂದೇ ಸಲಕ್ಕೆ ಸರಿಯಾದ ಗುಂಡಿಯನ್ನೊತ್ತಿ ಹಣವನ್ನು ತಂದುಕೊಡುವನು. ಯಂತ್ರದ ಲೆಕ್ಕದಲ್ಲಿ ಆಕೆಯ ವಹಿವಾಟು ಈಗ ತಿಂಗಳು ತಿಂಗಳಿಗೂ ನಿರ್ವಿಘ್ನವಾಗಿ ನಡೆಯುತ್ತಿದೆ.